ಮೀಸಲು ಹಾಲು, ಮಾರುವ ಹಾಲು

ಹಣ ಕೊಟ್ಟು ಕೊಳ್ಳಬಾರದ ವಸ್ತುಗಳು ಕೆಲವು ಉಂಟೆಂದು ನಮ್ಮ ಹಿರಿಯರು ನಂಬಿದ್ದರು. ವಿದ್ಯೆ, ಅನ್ನ, ನೀರು ಆ ಸಾಲಿಗೆ ಸೇರಿದವು. ಇಂದು ಈ ಮೂರೂ ಪೇಟೆಗೆ ಬಂದಿವೆ. ಇದು ನಮ್ಮ ಅಧೋಗತಿಯೆಂದು ಕೆಲವರು ಮರುಗುತ್ತಾರೆ. ಕಾಲಧರ್ಮವೆಂದು ಕೆಲವರು ಸುಮ್ಮನಾಗುತ್ತಾರೆ. ಈ ವಾದವನ್ನು ಹಾಲಿನ ವಿಷಯದಲ್ಲಿ ಒರೆಗೆ ಹಚ್ಚಿ ನೋಡಬಹುದು.

ಚಳ್ಳಕೆರೆ, ಮೊಳಕಾಲ್ಮೂರು ಸೀಮೆಯ ಮ್ಯಾಸಬೇಡರು ದೇವರ ಹೆಸರಿನಲ್ಲಿ ದನದ ಹಿಂಡುಗಳನ್ನು ಸಾಕಿಕೊಂಡು ಬಂದಿದ್ದಾರೆ. 'ದೇವರ ಎತ್ತು'ಗಳೆಂದು ಅವಕ್ಕೆ ಹೆಸರು. ಬೇಸಾಯಕ್ಕೆ ಅವನ್ನು ಹೂಡುವುದಿಲ್ಲ. ಹಿಂಡಿನ ಹಾಲು ವ್ಯಾಪಾರದ ಸರಕಲ್ಲ. ಅವುಗಳನ್ನು ಕಾಯುವ ಕಿಲಾರಿಯ ಬಾಳು ಹಿಂಡಿನ ಬೆನ್ನ ಹಿಂದೆಯೇ ಸಾಗುತ್ತದೆ. ಅದೇ ಸೀಮೆಯ ಕಾಡುಗೊಲ್ಲರಲ್ಲಿ 'ಮೀಸಲು' ಎಂಬ ಮಾತುಂಟು. ಹಾಲಿನಲ್ಲಿ ದೇವರ ಪಾಲನ್ನು ಮೊದಲು ತೆಗೆದಿಡಬೇಕು. ಉಳಿದದ್ದು ಮಾತ್ರ ಮನುಷ್ಯನದು ಎಂದು ಅದರ ಭಾವ.

ಇಂಥದೇ ನಿಷ್ಠೆ ದೂರದ ರಾಜಸ್ಥಾನದ ರಾಯಿಕರಲ್ಲೂ ಇತ್ತು. ಪಾರ್ವತಿ ಆಟಕ್ಕೆಂದು ಮಾಡಿದ ಒಂಟೆಗೆ ಶಿವನು ಜೀವ ಕೊಟ್ಟನು, ಅದನ್ನು ಕಾಯಲು ಮೊದಲ ರಾಯಿಕನನ್ನು ಸೃಷ್ಟಿಸಿದನು ಎಂದು ಅವರ ಕಥೆ. ಒಂಟೆಯ ಹಾಲನ್ನು ಮಾರುವುದು ಮಗನನ್ನು ಮಾರಿದಂತೆ ಎಂದು ಅವರು ತಿಳಿದಿದ್ದರು. ಆದರೆ ಹೊಲಕ್ಕೆ ಟ್ರ್ಯಾಕ್ಟರ್ ಬಂತು, ಹಾದಿಗೆ ಲಾರಿ ಬಂತು. ಒಂಟೆಗೆ ಕೆಲಸ ತಪ್ಪಿತು. 2014ರಲ್ಲಿ ರಾಜಸ್ಥಾನವು ಒಂಟೆಯನ್ನು ರಾಜ್ಯಪ್ರಾಣಿಯೆಂದು ಸಾರಿತು. ಮರುವರ್ಷ ಅದರ ವಧೆಯನ್ನು ಕಾನೂನಿನಿಂದ ನಿಷೇಧಿಸಿ, ಹೊರರಾಜ್ಯಗಳಿಗೆ ಸಾಗಿಸುವುದಕ್ಕೂ ಕಟ್ಟು ಹಾಕಿತು. ಆದಾಗ್ಯೂ 2012ರ ಗಣತಿಯಲ್ಲಿ ದೇಶದಲ್ಲಿ ಸುಮಾರು 4 ಲಕ್ಷವಿದ್ದ ಒಂಟೆಗಳು 2019ರಲ್ಲಿ ಸುಮಾರು 2.5 ಲಕ್ಷಕ್ಕೆ ಇಳಿದವು. ಬಿರುದೂ ಕಾನೂನೂ ಮೇವು ಹಾಕಲಿಲ್ಲ.

ಈ ನಡುವೆ ಹಾಲು ಪೇಟೆಗೆ ಬಂತು. 2016ರಲ್ಲಿ ಆಹಾರ ಸುರಕ್ಷತಾ ಪ್ರಾಧಿಕಾರವು ಒಂಟೆ ಹಾಲಿಗೆ ಗುಣಮಾನವನ್ನು ಗೊತ್ತುಮಾಡಿತು. ಅದೇ ವರ್ಷ ಆದ್ವಿಕ್ ಎಂಬ ಹೊಸ ಕಂಪನಿ ಈ ಹಾಲಿನ ವ್ಯಾಪಾರಕ್ಕಿಳಿಯಿತು. 2019ರಲ್ಲಿ ಗುಜರಾತಿನ ಅಮುಲ್ ಸಂಸ್ಥೆ ಅರ್ಧ ಲೀಟರಿನ ಸೀಸೆಯನ್ನು 50 ರೂಪಾಯಿಗೆ ಮಾರತೊಡಗಿತು. ಇದು ಅಧರ್ಮವೆ? ಹಾಗೆನ್ನಲು ನನಗೆ ಮನಸ್ಸು ಬಾರದು. ಕೆಲಸ ತಪ್ಪಿದ ಪ್ರಾಣಿಗೆ ಬದುಕಿರುವಾಗಲೇ ಒಂದು ಬೆಲೆ ಬರುವುದಾದರೆ, ಅದನ್ನು ಸಾಕುವವನ ಮಗನು ಕೂಲಿಗಾಗಿ ಪಟ್ಟಣಕ್ಕೆ ಓಡಬೇಕಾಗಿಲ್ಲ.

ಆದರೂ ಹಿರಿಯರ ನಿಷೇಧದಲ್ಲಿ ಒಂದು ವಿವೇಕವಿತ್ತು. ಒಂಟೆಗೆ ಸಾಮಾನ್ಯವಾಗಿ ಎರಡು ವರ್ಷಕ್ಕೊಂದೇ ಮರಿ. ಮರಿ ಬಂದು ಬಾಯಿ ಹಾಕಿದ ಹೊರತು ತಾಯಿ ಸುಲಭವಾಗಿ ಸೊರೆ ಬಿಡದು. ಮೀಸಲನ್ನು ಅಲ್ಲಿ ಪ್ರಕೃತಿಯೇ ಬರೆದಿಟ್ಟಂತಿದೆ. ಬೇಡಿಕೆ ಏರಿದಂತೆ ಮೊದಲು ಕರಗುವುದು ಬಾಯಿಲ್ಲದ ಮರಿಯ ಪಾಲು. ಅನಂತರ ಕಾಯುವವನ ಪಾಲು. ಇನ್ನೊಂದು ಅಪಾಯ ಕೊಳ್ಳುವವನ ಕಡೆಯದು. ಈ ಹಾಲು ಮಕ್ಕಳ ಆಟಿಸಂಗೆ ಮದ್ದೆಂದು ಕೇಳಿ ದುಬಾರಿ ಪುಡಿಯನ್ನು ಕೊಳ್ಳುವ ತಾಯಂದಿರುಂಟು. ಅದು ಆ ತೊಂದರೆಯನ್ನು ಗುಣಪಡಿಸುತ್ತದೆಂಬುದು ಸಿದ್ಧವಾಗಿಲ್ಲ. ಹಾಲನ್ನು ಮಾರಬಹುದು, ಇನ್ನೊಬ್ಬರ ಆಸೆಯನ್ನು ಮಾರಬಾರದು.

ಹಾಗಾದರೆ ನಮ್ಮ ಸೀಮೆಯ ಹಿಂಡುಗಳೂ ಪೇಟೆಯ ದಾರಿ ಹಿಡಿಯಬೇಕೆ? ಪೂಜ್ಯವಾದದ್ದಕ್ಕೂ ಖರ್ಚುಂಟು ಎಂಬುದನ್ನು ನಾವು ಮರೆಯುತ್ತೇವೆ. ಚಳ್ಳಕೆರೆ ತಾಲ್ಲೂಕಿನ ಅಮೃತಮಹಲ್ ಕಾವಲುಗಳು ತಲೆಮಾರುಗಳಿಂದ ದನಕುರಿಗಳ ಮೇವಿನ ನೆಲ. ಅದರಲ್ಲಿ ಸುಮಾರು 10,000 ಎಕರೆಯನ್ನು 2007ರಿಂದೀಚಿನ ಕೆಲವೇ ವರ್ಷಗಳಲ್ಲಿ ರಕ್ಷಣೆ, ಅಣುಶಕ್ತಿ, ವಿಜ್ಞಾನಗಳ ಸಂಸ್ಥೆಗಳಿಗೆ ಕೊಡಲಾಯಿತು. ದೇಶಕ್ಕೆ ಅವು ಬೇಕಾಗಿರಬಹುದು. ಆದರೆ ಹುಲ್ಲನ್ನು ಕೊಟ್ಟ ಮೇಲೆ ದನ ಪವಿತ್ರವೆಂದು ಕೈಮುಗಿಯುವುದು ಅಗ್ಗದ ಭಕ್ತಿ. ಹಿಂಡಿನ ಭಾರವೆಲ್ಲ ಆಗ ಬಡ ಕಿಲಾರಿಯ ಹೆಗಲಿಗೆ ಬೀಳುತ್ತದೆ.

ಮಾರದೆ ಉಳಿಸಿಕೊಳ್ಳಬಲ್ಲ ಮ್ಯಾಸಬೇಡರಿಗೆ 'ಮಾರಿರಿ' ಎನ್ನುವ ಅಧಿಕಾರ ನಮಗಿಲ್ಲ. ಮಾರದೆ ಉಳಿಸಿಕೊಳ್ಳಲಾರದ ರಾಯಿಕನಿಗೆ 'ಮಾರಬೇಡ' ಎನ್ನುವ ಅಧಿಕಾರವೂ ಇಲ್ಲ. ಮೊದಲನೆಯವರಿಗೆ ನಾವು ಮೇಯುವ ನೆಲವನ್ನು ಉಳಿಸಿಕೊಡಬೇಕು. ಎರಡನೆಯವನಿಗೆ ನ್ಯಾಯವಾದ ಬೆಲೆ ಕೊಡಬೇಕು. ಹಾಲನ್ನು ಕೊಂಡು ಕುಡಿಯುವವನು ಮರಿಯ ಪಾಲು ಸಂದಿತೆ ಎಂದು ಒಮ್ಮೆಯಾದರೂ ಕೇಳಿದರೆ, ಪೇಟೆಯ ಹಾಲಿನಲ್ಲೂ ಮೀಸಲು ಉಳಿದೀತು.