ನ್ಯಾಯ ಮಾಡುವ ಹೆಂಗಸು

ನಮ್ಮ ಕಡೆ ‘ನ್ಯಾಯ’ ಎಂಬ ಮಾತಿಗೆ ಜಗಳ ಎಂದೂ ಅರ್ಥವಿದೆ. ಚಿಕ್ಕೋಡಿ, ರಾಯಬಾಗ, ಅಥಣಿ, ಯಾವ ಊರಿನ ಓಣಿಗೆ ಹೋದರೂ ಸರಿ, ನಳದ ಮುಂದೆ ಇಬ್ಬರು ಹೆಂಗಸರು ದನಿ ಏರಿಸಿದರೆ ಮೂರನೆಯವಳು, “ಯಾಕ ನ್ಯಾಯಾ ಮಾಡಾಕತ್ತೀರಿ?” ಎಂದು ಕೇಳುತ್ತಾಳೆ. ಮೈಸೂರಿನ ಕಡೆಯಿಂದ ಬದಲಿಯಾಗಿ ಬಂದ ಒಬ್ಬ ಶಿಕ್ಷಕಿ ನಮ್ಮ ಮನೆಯ ಮಹಡಿಯಲ್ಲಿ ಬಾಡಿಗೆಗಿದ್ದರು. ಪಕ್ಕದ ಮನೆಯ ಗಂಡ ಹೆಂಡತಿ ದಿನಾ ನ್ಯಾಯ ಮಾಡುತ್ತಾರೆಂದು ಕೇಳಿ, ಎಂಥ ಆದರ್ಶ ದಂಪತಿ ಎಂದುಕೊಂಡಿದ್ದರಂತೆ!

ಪುಸ್ತಕದ ಅರ್ಥ ಬೇರೆ. ಸಂಸ್ಕೃತದಲ್ಲಿ ನ್ಯಾಯವೆಂದರೆ ಒಂದು ವಸ್ತು ತಿರುಗಿ ಎಲ್ಲಿಗೆ ಸೇರಬೇಕೋ ಆ ನೆಲೆ. ಅದರಿಂದ ಮುಂದೆ ಕ್ರಮ, ನಿಯಮ, ತರ್ಕ ಎಂಬ ಅರ್ಥಗಳು ಬಂದವು. ಗೌತಮನ ತರ್ಕಶಾಸ್ತ್ರಕ್ಕೂ ಅದೇ ಹೆಸರು. ಅಂಥ ಗಂಭೀರ ಶಬ್ದ ನಮ್ಮ ನಳದ ಹತ್ತಿರ ಬಂದು ಜಗಳವಾಗಿಬಿಟ್ಟಿತು. ಇದನ್ನು ಹಳ್ಳಿಗರ ಅಜ್ಞಾನವೆಂದು ನಗುವವರಿದ್ದಾರೆ. ನನಗೆ ಹಾಗೆ ಅನ್ನಿಸುವುದಿಲ್ಲ. ನ್ಯಾಯ ಕೇಳಲು ಹೋದವರಿಗೆ ತಲೆತಲಾಂತರ ಸಿಕ್ಕದ್ದು ಜಗಳವೇ ಆಗಿದ್ದರೆ ಆ ಮಾತಾದರೂ ಬೇರೇನು ಹೇಳೀತು? ಆದರೆ ಇದರ ಭಾರ ಹೊರುವವರು ಹೆಚ್ಚಾಗಿ ನಾವೇ. ಗಂಡಸು ತನ್ನ ಪಾಲು ಕೇಳಿದರೆ ಅವನು ವ್ಯವಹಾರಸ್ಥ. ಹೆಂಗಸು ಕೇಳಿದರೆ, “ಆಕಿ ಭಾಳ ನ್ಯಾಯಾ ಮಾಡೂ ಹೆಂಗಸು” ಎನ್ನುತ್ತಾರೆ.

ಇನ್ನೊಂದು ಮಾತು ಖಟ್ಲೆ. ನಿಪ್ಪಾಣಿ, ಕಾಗವಾಡದ ಕಡೆ ಒಂದೇ ಮನೆಯೊಳಗೆ ಎರಡು ಭಾಷೆ ಓಡಾಡುತ್ತಿರುತ್ತವೆ. ಹಾಗಾಗಿ ಮರಾಠಿಯ ‘ಖಟಲಾ’ ಇಲ್ಲಿ ಯಾರಿಗೂ ಹೊಸದಲ್ಲ. ಮರಾಠಿಯಲ್ಲಿ ಅದು ಕೋರ್ಟಿನ ದಾವೆ. ಸ್ವಲ್ಪ ಬದಲಾಗಿ ‘ಖಟಲಂ’ ಎಂದರೆ ಮಕ್ಕಳು ಮರಿ, ಸೊಸೆಯಂದಿರು ತುಂಬಿದ ದೊಡ್ಡ ಸಂಸಾರವೂ ಹೌದು. ಕನ್ನಡಕ್ಕೆ ಬರುವಾಗ ದಾವೆಯ ಅರ್ಥ ಉಳಿಯಿತು, ಸಂಸಾರದ್ದು ಗಡಿಯಾಚೆಗೇ ಉಳಿಯಿತು. ಗಡಿ ಎಂದಾಗ ನೆನಪಾಯಿತು: ನಮ್ಮ ಊರುಗಳೇ ಒಂದು ಖಟ್ಲೆ. 1956ರ ನವೆಂಬರ್ 1ರಂದು ಈ ಭಾಗ ಮುಂಬೈ ರಾಜ್ಯದಿಂದ ಮೈಸೂರು ರಾಜ್ಯಕ್ಕೆ ಬಂತು. ಗಡಿಯ ತಕರಾರು ಹಿಡಿದು ಮಹಾರಾಷ್ಟ್ರ 2004ರಲ್ಲಿ ಸುಪ್ರೀಂ ಕೋರ್ಟಿನ ಮೆಟ್ಟಿಲೇರಿತು. ‘ತಕರಾರು’ ಮೂಲದಲ್ಲಿ ಅರಬ್ಬಿ ಶಬ್ದ, ಹೇಳಿದ್ದನ್ನೇ ಮತ್ತೆ ಮತ್ತೆ ಹೇಳುವುದು ಎಂದರ್ಥ. ಇದಕ್ಕಿಂತ ಒಪ್ಪುವ ಮಾತು ಸಿಗಲಿಕ್ಕಿಲ್ಲ.

ಸಭೆ, ಕೋರ್ಟುಗಳಿಗಿರುವ ಮಾತುಗಳನ್ನು ಒಂದೊಂದಾಗಿ ಬಿಡಿಸಿ ನೋಡಿದರೆ ಬಹಳಷ್ಟು ‘ಕೂಡುವ’ ಮಾತುಗಳೇ. ಪರಿಷತ್ತೆಂದರೆ ಸುತ್ತ ಕೂತವರು. ಪೀಠವೆಂದರೆ ಕೂಡುವ ಮಣೆ. 2008ರಲ್ಲಿ ಧಾರವಾಡಕ್ಕೆ ಬಂದ ಹೈಕೋರ್ಟಿನದೂ ಪೀಠವೇ. ಸೆಷನ್ಸ್ ಕೋರ್ಟಿನ ‘ಸೆಷನ್’ ಲ್ಯಾಟಿನ್ನಿನ ‘ಕೂಡು’ ಎಂಬ ಧಾತುವಿನಿಂದ ಬಂದದ್ದು. ನಮ್ಮೂರ ಕಟ್ಟೆಯನ್ನಂತೂ ಕೂಡಲಿಕ್ಕೆಂದೇ ಕಟ್ಟಿದ್ದು. ಆದರೆ ಕೂತವರು ಯಾರು? ನನ್ನ ಅವ್ವ ಆ ಕಟ್ಟೆಯ ಮುಂದೆ ಹಾಯುವಾಗ ಸೆರಗನ್ನು ತಲೆಯ ಮೇಲೆಳೆದುಕೊಂಡು, ಚಪ್ಪಲಿ ಕೈಯಲ್ಲಿ ಹಿಡಿದು ಹೋಗುತ್ತಿದ್ದಳು. ಅಲ್ಲಿ ಕೂತವರಲ್ಲಿ ಅರ್ಧ ಜನ ಅವಳ ಕೈಯ ರೊಟ್ಟಿ ಉಂಡವರೇ.

ಇದೂ ಇಂದು ನಿನ್ನೆಯದಲ್ಲ. ಅಥರ್ವವೇದದಲ್ಲಿ ಸಭೆ ಮತ್ತು ಸಮಿತಿ ಪ್ರಜಾಪತಿಯ ಇಬ್ಬರು ಹೆಣ್ಣುಮಕ್ಕಳು. ಎಷ್ಟು ಚಂದದ ಕಲ್ಪನೆ! ಆದರೆ ಮೈತ್ರಾಯಣೀ ಸಂಹಿತೆ ಸಭೆಗೆ ಹೋಗುವವರು ಗಂಡಸರು, ಹೆಂಗಸರಲ್ಲ ಎಂದು ಹೇಳಿ ಮುಗಿಸಿಬಿಡುತ್ತದೆ. ಹೆಸರು ಮಗಳದು, ಬಾಗಿಲು ಮಗಳಿಗಿಲ್ಲ. ಋಗ್ವೇದದ ಕಾಲಕ್ಕೇ ಸಭೆಯೆಂದರೆ ಪಗಡೆ ದಾಳಗಳು ಉರುಳುವ ಜಾಗವೂ ಆಗಿತ್ತು. ದ್ರೌಪದಿಯನ್ನು ಎಳೆತಂದದ್ದು ಅಂಥ ಸಭೆಗೆ. ಫಿರ್ಯಾದಿ ಎನ್ನುತ್ತೇವಲ್ಲ, ಆ ಪಾರಸಿ ಮಾತಿನ ಮೂಲದಲ್ಲಿರುವುದು ಕಾಪಾಡಿರೆಂಬ ಕೂಗು. ದ್ರೌಪದಿ ಕೂಗಿದಳು, ನಿಜ. ಆದರೆ ಅದಕ್ಕಿಂತ ಮೊದಲು ಒಂದು ಪ್ರಶ್ನೆ ಕೇಳಿದಳು: ಮೊದಲು ತನ್ನನ್ನೇ ಸೋತುಕೊಂಡವನಿಗೆ ನನ್ನನ್ನು ಪಣಕ್ಕಿಡುವ ಹಕ್ಕು ಉಳಿದಿತ್ತೇ? ಇದು ಅಳುವವಳ ಮಾತಲ್ಲ, ವಕೀಲರ ಮಾತು. ಭೀಷ್ಮರು ಧರ್ಮ ಸೂಕ್ಷ್ಮವೆಂದು ಹೇಳಿ ತಪ್ಪಿಸಿಕೊಂಡರು. ಅವಳ ಪರವಾಗಿ ವಾದಿಸಿದ ವಿಕರ್ಣನನ್ನು ಕರ್ಣ ಗದರಿಸಿ ಕೂಡ್ರಿಸಿದ. ಕೂತವರು ಕೂತೇ ಇದ್ದರು.

ಈಗ ಗ್ರಾಮ ಪಂಚಾಯತಿಯಲ್ಲಿ ನಮಗೂ ಕುರ್ಚಿ ಇದೆ. 1993ರಲ್ಲಿ ಜಾರಿಗೆ ಬಂದ ಸಂವಿಧಾನದ ತಿದ್ದುಪಡಿ ಮೂರರಲ್ಲೊಂದು ಪಾಲು ಕೊಟ್ಟಿತು. ಕರ್ನಾಟಕ 2010ರಲ್ಲಿ ಅದನ್ನು ಅರ್ಧಕ್ಕೇರಿಸಿತು. ಕುರ್ಚಿಯಲ್ಲಿ ಗಂಡನೇ ಕೂಡುವ ಊರುಗಳ ಸುದ್ದಿ ನಿಮಗೂ ಗೊತ್ತು, ಬಿಡಿ.

ಇಷ್ಟು ‘ಕೂಡುವ’ ಮಾತುಗಳ ನಡುವೆ ನನಗೆ ಹಿಡಿಸಿದ್ದು ಪರದೇಶದ ‘ಕೋರ್ಟ್’. ಅದು ಲ್ಯಾಟಿನ್ನಿನಲ್ಲಿ ಗೋಡೆ ಕಟ್ಟಿದ ಹಿತ್ತಿಲು, ಅಂಗಳ. ದೊರೆಯ ಅಂಗಳದಲ್ಲಿ ಕೂತು ತೀರ್ಮಾನ ಮಾಡುತ್ತಿದ್ದುದರಿಂದ ಅಂಗಳದ ಹೆಸರೇ ನ್ಯಾಯಸ್ಥಾನಕ್ಕೂ ಬಂತು. ಅಂಗಳವೆಂದರೆ ಹೆಂಗಸರಿಗೆ ಹೇಳಿಕೊಡಬೇಕೆ? ಹೊತ್ತು ಹುಟ್ಟುವ ಮೊದಲು ಕಸ ಹೊಡೆದು, ಸಾರಿಸಿ, ರಂಗೋಲಿ ಹಾಕಿದವರು ನಾವು. ತವರಿನ ಅಂಗಳದಲ್ಲಿ ಪಾಲು ಕೇಳಿದಾಗ ಮಾತ್ರ ಅದು ಯಾರದೆಂದು ಗೊತ್ತಾಗುತ್ತದೆ.

ನಮ್ಮ ಬೆಳಗಾವಿಯಲ್ಲೇ 1992ರಲ್ಲಿ ಒಬ್ಬ ಹೆಣ್ಣುಮಗಳು ತಂದೆಯ ಆಸ್ತಿಯಲ್ಲಿ ಪಾಲು ಬೇಡಿ ದಾವೆ ಹೂಡಿದಳು. ‘ಪ್ರಕಾಶ ವಿರುದ್ಧ ಫುಲಾವತಿ’ ಎಂದು ದೇಶದ ಕಾನೂನು ಪುಸ್ತಕಗಳಲ್ಲೆಲ್ಲ ಬರುವ ಖಟ್ಲೆ ಅದು. ಪಿತ್ರಾರ್ಜಿತ ಆಸ್ತಿಯಲ್ಲಿ ಮಗಳಿಗೂ ಮಗನಷ್ಟೇ ಹಕ್ಕೆಂದು ಕರ್ನಾಟಕ 1994ರಲ್ಲೇ ಕಾನೂನು ಮಾಡಿತ್ತು. ಆದರೆ ಅದಕ್ಕೆ ಮೊದಲೇ ಮದುವೆಯಾದವರನ್ನು ಹೊರಗಿಟ್ಟಿತು. 2005ರ ಸೆಪ್ಟೆಂಬರ್ 9ರಂದು ಜಾರಿಯಾದ ಕೇಂದ್ರದ ತಿದ್ದುಪಡಿ ಆ ಭೇದ ತೆಗೆದುಹಾಕಿತು. ಫುಲಾವತಿಯ ಖಟ್ಲೆ ಸುಪ್ರೀಂ ಕೋರ್ಟಿನಲ್ಲಿ ಮುಗಿದದ್ದು 2015ರಲ್ಲಿ. ಆ ಸೆಪ್ಟೆಂಬರಿನ ದಿನ ತಂದೆ ಬದುಕಿದ್ದರೆ ಮಾತ್ರ ಮಗಳಿಗೆ ಈ ಹಕ್ಕು ಎಂದಿತು ನ್ಯಾಯಾಲಯ. ಅವಳ ತಂದೆ 1988ರಲ್ಲೇ ತೀರಿಕೊಂಡಿದ್ದರು. ತೀರ್ಪು, ತೀರಿಕೊಳ್ಳು, ಸಾಲ ತೀರಿಸು: ಎಲ್ಲಕ್ಕೂ ಬೇರು ‘ತೀರು’ ಒಂದೇ. ಇಪ್ಪತ್ಮೂರು ವರ್ಷ ನಡೆದ ದಾವೆಯ ತೀರ್ಪು, ಅಪ್ಪ ಯಾವಾಗ ತೀರಿಕೊಂಡ ಎಂಬುದರ ಮೇಲೆ ನಿಂತುಬಿಟ್ಟಿತು. 2020ರ ಆಗಸ್ಟ್ 11ರಂದು ಅದೇ ನ್ಯಾಯಾಲಯ, ವಿನೀತಾ ಶರ್ಮಾ ಅವರ ಖಟ್ಲೆಯಲ್ಲಿ, ಆ ಷರತ್ತು ಸರಿಯಲ್ಲವೆಂದಿತು. ಹಕ್ಕು ಮಗಳಿಗೆ ಹುಟ್ಟಿನಿಂದಲೇ ಬರುತ್ತದೆ, ಅಪ್ಪನ ಆಯುಷ್ಯದಿಂದಲ್ಲ.

ಕಾನೂನಿನ ಪ್ರಶ್ನೆ ಹೀಗೆ ಬಗೆಹರಿಯಿತು. ನಮ್ಮ ಮನೆಗಳ ಪ್ರಶ್ನೆ ಬಗೆಹರಿದಿಲ್ಲ. ಹಕ್ಕು ಬಿಡುಗಡೆ ಪತ್ರ, ಮರಾಠಿ ಮನೆಗಳಲ್ಲಿ ‘ಹಕ್ಕಸೋಡ’, ಇದಕ್ಕೆ ಸಹಿ ಮಾಡದ ಅಕ್ಕತಂಗಿಯರು ನಮ್ಮ ತಾಲೂಕುಗಳಲ್ಲಿ ಎಷ್ಟು ಮಂದಿ ಸಿಕ್ಕಾರು? ಸಹಿ ಮಾಡಿದವಳಿಗೆ ಉಡಿ ತುಂಬಿ ಸೀರೆ ಉಡಿಸುತ್ತಾರೆ. ಮಾಡದವಳನ್ನು ನಾಗರ ಪಂಚಮಿಗೆ ಕರೆಯಲು ಯಾರೂ ಬರುವುದಿಲ್ಲ. ಹಾಗೆಂದು ಅಣ್ಣತಮ್ಮಂದಿರೆಲ್ಲ ದುಷ್ಟರೂ ಅಲ್ಲ. ಎರಡೆಕರೆ ಕಬ್ಬು, ಸೊಸೈಟಿಯ ಸಾಲ, ಅವ್ವನ ಔಷಧದ ಖರ್ಚು, ಇವನ್ನೆಲ್ಲ ಹೊತ್ತವನಿಗೆ ಅದರಲ್ಲೂ ಪಾಲೆಂದರೆ ಎದೆ ಒಡೆಯುತ್ತದೆ. ಆದರೂ ಒಂದು ಮಾತು ನನ್ನನ್ನು ಬಿಡುವುದಿಲ್ಲ. ಮನಸ್ಸಿನಿಂದ ಕೊಟ್ಟದ್ದು ದಾನ. ಕೊಡದಿದ್ದರೆ ತವರು ಹೋಗುತ್ತದೆಂದು ಹೆದರಿ ಕೊಟ್ಟರೆ ಅದು ತವರಿಗೆ ಕಟ್ಟಿದ ಬಾಡಿಗೆ. ಇವೆರಡಕ್ಕೂ ಕಚೇರಿಯಲ್ಲಿ ಒಂದೇ ಕಾಗದ, ಒಂದೇ ಸಹಿ.

ನನ್ನ ತಮ್ಮನೂ ಅಂಥದೊಂದು ಕಾಗದ ಕಳಿಸಿದ್ದಾನೆ. ಮೊನ್ನೆ ಫೋನ್ ಮಾಡಿ, “ಅಕ್ಕಾ, ನಮ್ಮ ಮನ್ಯಾಗ ನ್ಯಾಯಾ ಬ್ಯಾಡ. ಒಂದು ಸಹಿ ಮಾಡಿ ಕಳಿಸಿಬಿಡು” ಎಂದ. “ಯಾವ ನ್ಯಾಯಾ ಬ್ಯಾಡ ಅಂತೀಯೋ ತಮ್ಮಾ?” ಎಂದು ಕೇಳಿದೆ. ಅವನಿಗೆ ಪ್ರಶ್ನೆಯೇ ತಿಳಿಯಲಿಲ್ಲ. ಪಂಚಮಿಗೆ ಕರೆಯಲು ಬರುತ್ತೇನೆ, ಆಗ ಮಾತಾಡೋಣ ಎಂದ. ಕಾಗದ ಕಪಾಟಿನಲ್ಲಿದೆ. ಪಂಚಮಿಗೆ ಇನ್ನೂ ಮೂರು ವಾರ.