ಕಾಡತೂಸಿನ ಅಳತೆ, ಹಿಂಸೆಯ ಮೇರೆ

ಹಿಂಸೆಯನ್ನು ಸಂಕಲ್ಪೀ, ಆರಂಭೀ, ಉದ್ಯೋಗೀ, ವಿರೋಧೀ ಎಂದು ನಾಲ್ಕು ಬಗೆಯಾಗಿ ವಿಂಗಡಿಸುವುದುಂಟು. ಮುನಿಗೆ ನಾಲ್ಕೂ ವರ್ಜ್ಯ. ಗೃಹಸ್ಥನು ಸಂಕಲ್ಪೀ ಹಿಂಸೆಯನ್ನು ಪೂರ್ಣವಾಗಿ ತ್ಯಜಿಸಿ, ಉಳಿದವನ್ನು ಯಥಾಶಕ್ತಿ ಕಡಿಮೆ ಮಾಡಬೇಕು. ನಾಡಿನ ರಕ್ಷಣೆಗಾಗಿ ಶಸ್ತ್ರ ಹಿಡಿಯುವುದು ವಿರೋಧೀ ಹಿಂಸೆ. ಶ್ರವಣಬೆಳಗೊಳದಲ್ಲಿ ಗೊಮ್ಮಟೇಶ್ವರನನ್ನು ನಿಲ್ಲಿಸಿದ ಚಾವುಂಡರಾಯನೇ ಗಂಗರ ಸೇನಾಪತಿಯಾಗಿದ್ದನು. ಆದರೆ ಶಸ್ತ್ರ ಹಿಡಿದವನಿಗೆ ಸಲ್ಲುವ ಈ ವಿನಾಯಿತಿಯು ಶಸ್ತ್ರವನ್ನು ರೂಪಿಸುವವನಿಗೂ ಸಲ್ಲುವುದೇ? ಬೆಮೆಲ್ ಹೆಸರಿನ ಬಡಾವಣೆಯನ್ನೇ ಒಳಗೊಂಡಿರುವ ರಾಜರಾಜೇಶ್ವರಿನಗರದಂತಹ ಕಡೆಗಳಲ್ಲಿ, ಮಕ್ಕಳು ರಕ್ಷಣಾ ಉದ್ಯಮಕ್ಕೆ ಸೇರುವ ಮನೆಗಳಿಗೆ ಇದು ಕೇವಲ ಶಾಸ್ತ್ರಚರ್ಚೆಯಲ್ಲ.

ಸೈನಿಕ ರೈಫಲ್ಲಿನ ಕಾಡತೂಸು ಬೆಳೆದು ಬಂದ ಬಗೆಯನ್ನೇ ನೋಡಬಹುದು. 19ನೆಯ ಶತಮಾನದ ಕೊನೆಯಲ್ಲಿ ಬ್ರಿಟಿಷ್ ಸೇನೆಯು 0.45 ಅಂಗುಲದ ಸೀಸದ ಗುಂಡನ್ನು ಬಿಟ್ಟು, ಲೋಹದ ಕವಚವುಳ್ಳ 0.303 ಅಂಗುಲದ ಗುಂಡನ್ನು ಸ್ವೀಕರಿಸಿತು. 1895ರ ಚಿತ್ರಾಲ್ ದಂಡಯಾತ್ರೆಯಲ್ಲಿ, ಈ ಗುಂಡು ತಗುಲಿದರೂ ಎದುರಾಳಿ ನಿಲ್ಲದೆ ನುಗ್ಗುತ್ತಾನೆಂಬ ದೂರು ಕೇಳಿಬಂದಿತು. ಆಗ ಕಲ್ಕತ್ತೆಯ ಬಳಿಯ ದಮ್‌ದಮ್ ಕಾರ್ಖಾನೆಯಲ್ಲಿ ಗುಂಡಿನ ತುದಿಗೆ ಕವಚವಿಲ್ಲದಂತೆ ಮಾಡಿದರು. ದೇಹವನ್ನು ಹೊಕ್ಕೊಡನೆ ಅದರ ಸೀಸ ಅರಳಿ ಗಾಯವನ್ನು ಅಗಲಿಸುತ್ತಿತ್ತು. 1899ರ ಹೇಗ್ ಸಮ್ಮೇಳನವು ಇಂತಹ ಗುಂಡುಗಳನ್ನು ಯುದ್ಧದಲ್ಲಿ ನಿಷೇಧಿಸಿತು. ಬ್ರಿಟನ್ ಅದಕ್ಕೆ ಒಪ್ಪಿದ್ದು 1907ರಲ್ಲಿ.

ಸ್ವತಂತ್ರ ಭಾರತವೂ ಇನ್ಸಾಸ್ ರೈಫಲ್ಲಿನೊಡನೆ 7.62 ಮಿ.ಮೀ. ಕಾಡತೂಸಿನಿಂದ 5.56 ಮಿ.ಮೀ.ಗೆ ಬಂದಿತು. ಹಳೆಯದರ ತೂಕ ಸುಮಾರು 24 ಗ್ರಾಂ, ಹೊಸದರದು ಸುಮಾರು 12 ಗ್ರಾಂ. ಸೈನಿಕನ ಹೊರೆ ಇಳಿಯಿತೆಂಬುದು ಒಂದು ಸಮರ್ಥನೆ. ಗಾಯಾಳುವನ್ನು ಹೊರಲು ಮತ್ತಿಬ್ಬರು ಬೇಕಾಗುವುದರಿಂದ ಕೊಲ್ಲುವುದಕ್ಕಿಂತ ಗಾಯಗೊಳಿಸುವುದೇ ಲಾಭವೆಂಬ ವಾದವೂ ಉಂಟು.

ಈ ಎರಡು ಮಾತುಗಳ ನಡುವಿನ ಅಂತರವನ್ನು ಶ್ರಾವಕನು ಗುರುತಿಸಬೇಕು. ರಣರಂಗದಲ್ಲಿ ಯೋಚಿಸಲು ಕ್ಷಣದ ಅವಕಾಶವೂ ಇಲ್ಲ. ಮೇಜಿನ ಮುಂದೆ ಕುಳಿತು ಲೆಕ್ಕ ಹಾಕುವವನ ಎದುರಿನಲ್ಲಾದರೋ ಶತ್ರುವೇ ಇಲ್ಲ. ಆಕ್ರಮಣವನ್ನು ತಡೆಯಲು ಎಷ್ಟು ಬೇಕೋ ಅಷ್ಟನ್ನು ಆತನು ಅಳೆದರೆ ಅದು ರಕ್ಷಣೆಯ ಅಂಗ. ಬಿದ್ದವನ ನೋವನ್ನೇ ಲಾಭವೆಂದು ಎಣಿಸಿದರೆ ಅಲ್ಲಿ ವಿರೋಧೀ ಹಿಂಸೆಯ ಹೆಸರಿನಲ್ಲಿ ಸಂಕಲ್ಪೀ ಹಿಂಸೆ ಒಳಹೊಕ್ಕಂತೆ. ಹಿಂಸೋಪಕರಣಗಳನ್ನು ನಿಷ್ಪ್ರಯೋಜನವಾಗಿ ಒದಗಿಸುವ ಹಿಂಸಾದಾನವನ್ನು ಅನರ್ಥದಂಡಗಳಲ್ಲಿ ಒಂದೆಂದು ಎಣಿಸಿರುವುದು ಈ ಎಚ್ಚರಕ್ಕಾಗಿಯೇ.

ಮೇರೆ ಹಾಕಿದ ಮಾತ್ರಕ್ಕೆ ಕರ್ಮಬಂಧ ತಪ್ಪದು. ವಿರೋಧೀ ಹಿಂಸೆಯೂ ಹಿಂಸೆಯೇ. ಆದರೂ ಮೇರೆಗೆ ಬೆಲೆಯುಂಟು. ಭರತ ಬಾಹುಬಲಿಯರ ಸೇನೆಗಳು ಎದುರುಬದುರಾದಾಗ ಮಂತ್ರಿಗಳು ಅಸಂಖ್ಯ ಜೀವಗಳ ಹಾನಿಯನ್ನು ನೆನೆದು, ದೃಷ್ಟಿ, ಜಲ, ಮಲ್ಲ ಯುದ್ಧಗಳೇ ಸಾಕೆಂದು ನಿಶ್ಚಯಿಸಿದರು. ಆ ಮೇರೆಯನ್ನು ಅವರು ಹಾಕಿದ್ದು ಬಾಣ ಬಿಡುವ ಮೊದಲು. ಇಂದು ಆ ಮಂತ್ರಿಗಳ ಸ್ಥಾನದಲ್ಲಿ ಕುಳಿತಿರುವವನು ನಕ್ಷೆ ಬಿಡಿಸುವ ಎಂಜಿನಿಯರನು.