ಅಟ್ಟದ ಮೇಲಿನ ಸೂಟ್‌ಕೇಸುಗಳು

ಪಾಳುಬಿದ್ದ ಕಟ್ಟಡಗಳ ಫೋಟೊ ನೋಡೋ ಚಟ ನಿಮಗೂ ಇರಬಹುದು. ಆಫೀಸಿನ ಲ್ಯಾಪ್‌ಟಾಪ್ ಮುಚ್ಚಿದ ಮೇಲೆ, ಹಾಸಿಗೆಯಲ್ಲಿ, ಫೋನಲ್ಲಿ. ಕಣ್ಣು ಕಿತ್ತ ಗೊಂಬೆ, ತುಕ್ಕು ಹಿಡಿದ ಮಂಚ. ಹಿತವಾಗಿ ಹೆದರಿಕೊಂಡು ಮಲಗೋದು. ಹಾಗೆ ನೋಡ್ತಾ ನಾನು ಸಿಕ್ಕಿಬಿದ್ದದ್ದು ವಿಲ್ಲರ್ಡ್‌ನ ಸೂಟ್‌ಕೇಸುಗಳ ಮುಂದೆ.

ವಿಲ್ಲರ್ಡ್ ಅನ್ನೋದು ನ್ಯೂಯಾರ್ಕ್ ರಾಜ್ಯದ ಸೆನೆಕಾ ಸರೋವರದ ದಂಡೆಯಲ್ಲಿದ್ದ ಸರ್ಕಾರಿ ಮಾನಸಿಕ ಆಸ್ಪತ್ರೆ. 1869ರಲ್ಲಿ ಶುರುವಾಗಿದ್ದು 1995ರಲ್ಲಿ ಮುಚ್ಚಿತು. ಆಗ ಅಟ್ಟದ ಮೇಲೆ 400ಕ್ಕೂ ಹೆಚ್ಚು ಸೂಟ್‌ಕೇಸು, ಪೆಟ್ಟಿಗೆ ಸಿಕ್ಕವು. 1910ರಿಂದ 1960ರ ದಶಕದ ತನಕ ಸೇರಿದ ರೋಗಿಗಳು ಮನೆಯಿಂದ ತಂದವು. ಬಟ್ಟೆ, ಫೋಟೊ, ಪತ್ರ, ಅಲಾರಾಂ ಗಡಿಯಾರ. ಗಡಿಯಾರ ಕಟ್ಟಿಕೊಂಡು ಹೊರಟವರು ವಾಪಸ್ ಬರೋ ಲೆಕ್ಕದಲ್ಲೇ ಹೊರಟಿರ್ತಾರೆ, ಅಲ್ವಾ? ಅಲ್ಲಿನ ಸ್ಮಶಾನದಲ್ಲಿ 5,000ಕ್ಕೂ ಹೆಚ್ಚು ರೋಗಿಗಳಿದ್ದಾರೆ. ಸಮಾಧಿಗಳಿಗೆ ಹಾಕಿದ್ದು ಹೆಸರಲ್ಲ, ನಂಬರು.

ಜಾನ್ ಕ್ರಿಸ್ಪಿನ್ ಎಂಬ ಛಾಯಾಗ್ರಾಹಕ ಈ ಸೂಟ್‌ಕೇಸುಗಳನ್ನ ಚಿತ್ರಿಸಿದ. ಆದರೆ ರೋಗಿಗಳ ಪೂರ್ತಿ ಹೆಸರು ತೋರಿಸುವಂತಿರಲಿಲ್ಲ, ಖಾಸಗಿತನದ ನಿಯಮ. ನನಗೆ ರೇಗಿದ್ದು ಇಲ್ಲೇ. ಅವರ ಬಟ್ಟೆಬರೆ ಊರಿಗೆಲ್ಲ ತೋರಿಸಬಹುದು, ಹೆಸರು ಮಾತ್ರ ಹೇಳಬಾರದು. ಇದು ಯಾರ ಮಾನ ಕಾಪಾಡಿದ ಹಾಗೆ? ಮುಚ್ಚಿಡೋದರಿಂದಲೇ ಆ ಕಾಯಿಲೆ ನಾಚಿಕೆಗೇಡು ಅಂತ ಹೇಳಿದಂತಾಗಲ್ವಾ? ಹಾಗಂತ, ನಮ್ಮ ಪೆಟ್ಟಿಗೆ ತೆಗೆದು ನೋಡಿ ಅಂತಾನೂ ಅವರು ಯಾರೂ ನಮ್ಮನ್ನ ಕರೆದಿರಲಿಲ್ಲ.

ನಾನೇನು ಕಮ್ಮಿ ಅಲ್ಲ. ಹೋದ ವರ್ಷ ಊರಿನ ಮನೆ ಮಾರೋವಾಗ ಅಟ್ಟದಲ್ಲೊಂದು ತಗಡಿನ ಟ್ರಂಕು ಸಿಕ್ಕಿತು. ಒಳಗೆ ಮರದ ಬಾಚಣಿಗೆ, ಹಲ್ಲುಗಳಲ್ಲಿ ಇನ್ನೂ ಸಿಕ್ಕಿಕೊಂಡ ಉದ್ದ ಕೂದಲು. ಮೈ ಜುಂ ಅಂತು. ಫೋಟೊ ತೆಗೆದು ‘ಹಾರರ್ ವೈಬ್ಸ್’ ಅಂತ ಸ್ಟೇಟಸ್ ಹಾಕಿದೆ. ಹತ್ತು ನಿಮಿಷಕ್ಕೆ ಅಮ್ಮನ ಫೋನು.

“ಅದು ನಮ್ಮ ಚಿಕ್ಕಮ್ಮಂದು ಕಣೋ. ನಂಗೆ ಜಡೆ ಹಾಕ್ತಿದ್ದಿದ್ದು ಅದರಲ್ಲೇ. ಆ ಕೂದಲು ನಂದೂ ಇರಬಹುದು.”

ಅಜ್ಜಿಗೆ ಒಬ್ಬಳು ತಂಗಿ ಇದ್ದದ್ದೇ ನನಗೆ ಗೊತ್ತಿರಲಿಲ್ಲ. ‘ಹುಷಾರಿಲ್ಲ’ ಅಂತ ಆಸ್ಪತ್ರೆಗೆ ಸೇರಿಸಿದ್ರಂತೆ. ಆಮೇಲೆ ಮನೆಯಲ್ಲಿ ಯಾರೂ ಅವರ ಮಾತೆತ್ತಲಿಲ್ಲ. ಸ್ಟೇಟಸ್ ಅಳಿಸಿದೆ. ಮತ್ತೆ ಆ ಬಾಚಣಿಗೆ ನೋಡಿದಾಗ ಹೆದರಿಕೆ ಆಗಲಿಲ್ಲ, ಬರೀ ಬಾಚಣಿಗೆ.

ಮೊನ್ನೆ ಅಮ್ಮನ್ನ ಕೇಳಿದೆ, ಅವರ ಹೆಸರು ಇಲ್ಲಿ ಬರೀಲಾ ಅಂತ. ಸ್ವಲ್ಪ ಹೊತ್ತು ಸುಮ್ಮನಿದ್ದು, “ನಿಮ್ಮ ಮಾವಂದಿರನ್ನ ಒಂದ್ಮಾತು ಕೇಳು” ಅಂದಳು.

ಕೇಳಿದ್ದೀನಿ. ಫ್ಯಾಮಿಲಿ ಗ್ರೂಪಿನಲ್ಲಿ ನೀಲಿ ಟಿಕ್ ಬಿದ್ದು ನಾಲ್ಕು ದಿನ ಆಯ್ತು.